ಕಪ್ ಯಾರದು, ತಪ್ಪು ಯಾರದು

(ಚಿಂಚೋಳಿ ತಾಲೂಕಿನ ಚಂದ್ರಂಪಳ್ಳಿಯಲ್ಲಿ, ಕಾಲೇಜು ಅಧ್ಯಾಪಕರು ಮತ್ತು ವಿದ್ಯಾರ್ಥಿಗಳ ಎದುರು ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಈ ದತ್ತಿ ಇಟ್ಟವರು ತಮ್ಮ ಹೆಸರು ಹೇಳಬೇಡಿ ಎಂದಿದ್ದಾರೆ. ಉಪನ್ಯಾಸ ಕ್ರೀಡೆಯ ಬಗ್ಗೆ ಇರಬೇಕು, ಆದರೆ ಕ್ರೀಡೆಯನ್ನು ಹೊಗಳುವ ಭಾಷಣ ಆಗಬಾರದು ಎಂಬುದು ಅವರ ಇನ್ನೊಂದು ಷರತ್ತು. ಅದು ನನಗೆ ಅನುಕೂಲವೇ ಆಯಿತು. ಕಾಲೇಜಿನ ಕ್ರೀಡಾ ವಿಭಾಗದಲ್ಲಿ ಮಕ್ಕಳ ಮೇಲೆ ದೌರ್ಜನ್ಯ ನಡೆದು, ಅದನ್ನು ದೊಡ್ಡವರು ಮುಚ್ಚಿಟ್ಟಿದ್ದು ಬಯಲಾದಾಗ ಆ ಕಾಲೇಜಿಗೆ, ಆ ತಂಡಕ್ಕೆ ಎಂಥ ಶಿಕ್ಷೆ ಆಗಬೇಕು ಎಂಬ ಪ್ರಶ್ನೆಯನ್ನು ಇವತ್ತು ಎತ್ತಿಕೊಂಡಿದ್ದೇನೆ. ತಪ್ಪು ಮಾಡಿದವನಿಗೆ ಜೈಲು ಆಗಬೇಕು ಎನ್ನುವುದರಲ್ಲಿ ಜಗಳವಿಲ್ಲ. ಅವನ ಹಿಂದೆ ನಿಂತ ಸಂಸ್ಥೆಗೆ ಏನು ಮಾಡಬೇಕು ಎನ್ನುವಲ್ಲಿ ಜಗಳವಿದೆ.

ಕಠಿಣ ಶಿಕ್ಷೆ ಬೇಕೇ ಎಂದರೆ ಬೇಕು, ಈಗಿರುವುದಕ್ಕಿಂತ ಬಹಳ ಕಠಿಣವಾದದ್ದೇ ಬೇಕು ಎಂಬ ಪಕ್ಷ ನನ್ನದು. ಆದರೆ ಶಿಕ್ಷೆ ಎಂದಕೂಡಲೇ ನಮ್ಮ ಜನರ ತಲೆಯಲ್ಲಿ ಮೊದಲು ಬರುವ ಶಿಕ್ಷೆ, ಅಂದರೆ ತಂಡವನ್ನೇ ಮುಚ್ಚುವುದು, ಆಟವನ್ನೇ ನಿಲ್ಲಿಸುವುದು, ಅದು ಮಾತ್ರ ಬೇಡ. ಹೀಗೇಕೆ ಹೇಳುತ್ತೇನೆ ಎಂಬುದಕ್ಕೆ ಮೊದಲು ದೂರದ ಒಂದು ಪ್ರಕರಣಕ್ಕೆ ಹೋಗಿ ಬರಬೇಕು. ಈ ಪ್ರಶ್ನೆಯನ್ನು ಜಗತ್ತು ಬಹಿರಂಗವಾಗಿ ಚರ್ಚಿಸಿದ್ದು ಅಲ್ಲಿಯೇ.

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಮೈದಾನದಲ್ಲಿ ಒಂದು ಲಕ್ಷಕ್ಕೂ ಮೀರಿ ಜನ ಕೂರುತ್ತಾರೆ. ನಮ್ಮ ಸೇಡಂ, ಚಿಂಚೋಳಿ ಪಟ್ಟಣಗಳ ಜನರನ್ನೆಲ್ಲ ಕೂರಿಸಿದರೂ ಜಾಗ ಉಳಿದೀತು. ಅದು ಕಾಲೇಜು ತಂಡದ ಮೈದಾನ ಎಂಬುದನ್ನು ನೆನಪಿಡಿ. ಜೋ ಪಟರ್ನೊ 1966ರಿಂದ ಆ ತಂಡದ ಮುಖ್ಯ ತರಬೇತುದಾರರಾಗಿದ್ದರು. ಬದುಕಿರುವಾಗಲೇ ಕ್ಯಾಂಪಸ್ಸಿನಲ್ಲಿ ಅವರ ಪ್ರತಿಮೆ ನಿಂತಿತ್ತು. ಅವರ ಕೈಕೆಳಗೆ ದಶಕಗಳ ಕಾಲ ಸಹಾಯಕ ತರಬೇತುದಾರನಾಗಿದ್ದವನು ಜೆರಿ ಸ್ಯಾಂಡಸ್ಕಿ. ಈ ಮನುಷ್ಯ 1977ರಲ್ಲಿ ಬಡ ಮಕ್ಕಳ ನೆರವಿಗೆಂದು ಒಂದು ಸೇವಾಸಂಸ್ಥೆ ಕಟ್ಟಿದ. ತನ್ನ ಲೈಂಗಿಕ ದೌರ್ಜನ್ಯಕ್ಕೆ ಬಲಿಯಾದ ಹುಡುಗರನ್ನು ಅವನು ಆರಿಸಿಕೊಂಡದ್ದು ಆ ಸಂಸ್ಥೆಯಿಂದಲೇ. 1998ರಲ್ಲಿ ಒಬ್ಬ ತಾಯಿ ದೂರು ಕೊಟ್ಟಳು. ಪೊಲೀಸರು ವಿಚಾರಿಸಿದರು, ಮೊಕದ್ದಮೆ ಹೂಡಲಿಲ್ಲ. 1999ರಲ್ಲಿ ಅವನು ನಿವೃತ್ತನಾದ, ಆದರೂ ಆಟಗಾರರ ಕಟ್ಟಡಕ್ಕೆ ಬಂದುಹೋಗುವ ಸೌಲಭ್ಯ ಉಳಿಯಿತು. 2001ರಲ್ಲಿ ತಂಡದ ಕಿರಿಯ ಸಹಾಯಕನೊಬ್ಬ ಸ್ನಾನಗೃಹದಲ್ಲಿ ಅವನನ್ನು ಒಬ್ಬ ಹುಡುಗನ ಜೊತೆ ಕಂಡು ಪಟರ್ನೊಗೆ ಹೇಳಿದ. ಪಟರ್ನೊ ಕ್ರೀಡಾ ನಿರ್ದೇಶಕರಿಗೆ ಹೇಳಿದರು. ಸುದ್ದಿ ವಿಶ್ವವಿದ್ಯಾಲಯದ ಅಧ್ಯಕ್ಷರವರೆಗೂ ಏರಿತು. ಏರಬೇಕಾದ ಮೆಟ್ಟಿಲನ್ನೆಲ್ಲ ಏರಿತು, ಪೊಲೀಸ್ ಠಾಣೆಯ ಮೆಟ್ಟಿಲೊಂದನ್ನು ಬಿಟ್ಟು. ಸ್ಯಾಂಡಸ್ಕಿಯ ಬಂಧನವಾದದ್ದು 2011ರ ನವೆಂಬರಿನಲ್ಲಿ.

ಕೆಲವೇ ದಿನಗಳಲ್ಲಿ ಆಡಳಿತ ಮಂಡಳಿ ಪಟರ್ನೊ ಅವರನ್ನು ತೆಗೆದುಹಾಕಿತು. ಆ ರಾತ್ರಿ ವಿದ್ಯಾರ್ಥಿಗಳು ಬೀದಿಗಿಳಿದು ಟಿವಿ ವಾಹನವೊಂದನ್ನು ಉರುಳಿಸಿದರು. ಸಿಟ್ಟು ಬಲಿಯಾದ ಮಕ್ಕಳ ಬಗ್ಗೆ ಇರಲಿಲ್ಲ, ತರಬೇತುದಾರನ ಕೆಲಸ ಹೋಯಿತೆಂಬ ಬಗ್ಗೆ ಇತ್ತು. ನಮ್ಮಲ್ಲಿ ಹಾಗಾಗದು ಎಂದುಕೊಳ್ಳಬೇಡಿ. ಜನಪ್ರಿಯ ಮಾಸ್ತರನೊಬ್ಬನ ಮೇಲೆ ದೂರು ಬಂದಾಗ ಊರು ಯಾರ ಮನೆ ಮುಂದೆ ಸೇರುತ್ತದೆ ಎಂಬುದನ್ನು ನೀವೂ ನೋಡಿದ್ದೀರಿ.

2012ರ ಜೂನ್‌ನಲ್ಲಿ ಸ್ಯಾಂಡಸ್ಕಿ 45 ಆರೋಪಗಳಲ್ಲಿ ದೋಷಿ ಎಂದು ತೀರ್ಪಾಯಿತು. ಜುಲೈ 23ರಂದು ಅಲ್ಲಿನ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಘಟನೆ ವಿಶ್ವವಿದ್ಯಾಲಯಕ್ಕೆ ಶಿಕ್ಷೆ ಘೋಷಿಸಿತು. 6 ಕೋಟಿ ಡಾಲರ್ ದಂಡ. ಫುಟ್‌ಬಾಲಿನಿಂದ ಅವರಿಗೆ ಬರುವ ಒಂದು ವರ್ಷದ ಒಟ್ಟು ಆದಾಯ ಹೆಚ್ಚುಕಡಿಮೆ ಅಷ್ಟೇ. ನಾಲ್ಕು ವರ್ಷ ಋತು ಮುಗಿದ ಮೇಲಿನ ದೊಡ್ಡ ಪಂದ್ಯಗಳಿಗೆ ನಿಷೇಧ. ಆಟಗಾರರ ವಿದ್ಯಾರ್ಥಿವೇತನಗಳಲ್ಲಿ ಕಡಿತ. 1998ರಿಂದ 2011ರವರೆಗೆ ಗೆದ್ದ ಪಂದ್ಯಗಳೆಲ್ಲ ದಾಖಲೆಯಿಂದ ರದ್ದು. ಹಿಂದಿನ ದಿನವೇ ಪ್ರತಿಮೆಯನ್ನೂ ಕಿತ್ತಿದ್ದರು. ತಂಡದಲ್ಲಿದ್ದ ಹುಡುಗರು ಬೇಕಾದರೆ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಿ ಕೂಡಲೇ ಆಡಬಹುದು ಎಂಬ ಅವಕಾಶ ಮಾತ್ರ ಇತ್ತು. ಕೆಲವರು ಹೋದರು, ಬಹಳಷ್ಟು ಜನ ಉಳಿದರು.

ಈ ಶಿಕ್ಷೆಯಲ್ಲಿ ಸರಿಯಾದದ್ದೂ ಇತ್ತು, ಅಸಂಬದ್ಧವಾದದ್ದೂ ಇತ್ತು. ದಂಡ ಸರಿಯೇ, ಏಕೆಂದರೆ ಆ ಹಣ ಮಕ್ಕಳ ಮೇಲಿನ ದೌರ್ಜನ್ಯ ತಡೆಯುವ ಕೆಲಸಕ್ಕೆ ಹೋಗಬೇಕು ಎಂದು ಷರತ್ತಿತ್ತು. ಗೆಲುವುಗಳ ರದ್ದತಿ ನನಗೆ ತಿಳಿಯುವುದಿಲ್ಲ. ಮಳೆಯಲ್ಲೋ ಹಿಮದಲ್ಲೋ ಬಿದ್ದು ಎದ್ದು ಪಂದ್ಯ ಗೆದ್ದ ಹುಡುಗರಿಗೆ ಹತ್ತು ವರ್ಷ ಬಿಟ್ಟು ‘ನೀವು ಗೆದ್ದಿರಲಿಲ್ಲ’ ಎಂದರೆ ಯಾವ ಮಗುವಿಗೆ ನ್ಯಾಯ ಸಿಕ್ಕಿತು? 2014ರಲ್ಲಿ ನಿಷೇಧ ಅವಧಿಗೆ ಮುಂಚೆಯೇ ತೆರವಾಯಿತು, 2015ರ ಜನವರಿಯಲ್ಲಿ ಆ 112 ಗೆಲುವುಗಳೂ ವಾಪಸು ಬಂದವು. ತೆಗೆದದ್ದೂ ಪ್ರದರ್ಶನ, ಕೊಟ್ಟದ್ದೂ ಪ್ರದರ್ಶನ. ನಿಜವಾದ ಶಿಕ್ಷೆ ಸದ್ದಿಲ್ಲದೆ ಬೇರೆ ಕಡೆ ನಡೆಯಿತು: ಕ್ರೀಡಾ ನಿರ್ದೇಶಕ, ಉಪಾಧ್ಯಕ್ಷ ಮತ್ತು ಅಧ್ಯಕ್ಷ, ಈ ಮೂವರೂ ಮಕ್ಕಳನ್ನು ಅಪಾಯಕ್ಕೆ ಒಡ್ಡಿದ ಅಪರಾಧದಲ್ಲಿ ಜೈಲು ಕಂಡರು. ಅಧ್ಯಕ್ಷರಾಗಿದ್ದ ಗ್ರಹಾಂ ಸ್ಪಾನಿಯರ್ ಜೈಲಿಗೆ ಹೋದದ್ದು 2021ರಲ್ಲಿ. ಅವಧಿ ಚಿಕ್ಕದು, ಎರಡು ತಿಂಗಳಷ್ಟು. ಆದರೆ ವಿಶ್ವವಿದ್ಯಾಲಯದ ಅಧ್ಯಕ್ಷನಾಗಿದ್ದವನು ‘ತಿಳಿದೂ ಪೊಲೀಸರಿಗೆ ಹೇಳಲಿಲ್ಲ’ ಎಂಬ ಕಾರಣಕ್ಕೆ ಕಂಬಿ ಎಣಿಸಿದ ಸಂಗತಿ, 112 ಗೆಲುವು ಅಳಿಸಿದ್ದಕ್ಕಿಂತ ಹೆಚ್ಚು ಜನ ಪ್ರಾಂಶುಪಾಲರ ನಿದ್ದೆ ಕೆಡಿಸಬಲ್ಲದು.

ಅದೇ ಸಂಘಟನೆ 1987ರಲ್ಲಿ ಟೆಕ್ಸಸ್‌ನ ಒಂದು ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡವನ್ನು ಇಡೀ ವರ್ಷ ಆಡದಂತೆ ಮಾಡಿತ್ತು. ಅಲ್ಲಿ ನಡೆದದ್ದು ಆಟಗಾರರಿಗೆ ಕದ್ದುಮುಚ್ಚಿ ಹಣ ಕೊಟ್ಟ ತಪ್ಪು. ಹಣ ಕೊಟ್ಟದ್ದಕ್ಕೆ ತಂಡವೇ ಬಂದ್, ಮಕ್ಕಳ ವಿಷಯಕ್ಕೆ ಬಂದಾಗ ಕಡಿತ ಮತ್ತು ದಂಡ. ಇದರಲ್ಲಿ ಯಾವ ತೂಕಕ್ಕೆ ಯಾವ ಬಟ್ಟು ಇಟ್ಟರೋ ಅವರೇ ಹೇಳಬೇಕು.

ಇನ್ನೊಂದು ಪ್ರಕರಣ ನನ್ನ ವಾದಕ್ಕೆ ಇನ್ನೂ ಹತ್ತಿರದ್ದು. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ವೈದ್ಯ ಲ್ಯಾರಿ ನಾಸರ್ ಚಿಕಿತ್ಸೆಯ ಹೆಸರಿನಲ್ಲಿ ನೂರಾರು ಹುಡುಗಿಯರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ. ಅವರಲ್ಲಿ ಬಹಳಷ್ಟು ಜನ ಜಿಮ್ನಾಸ್ಟ್‌ಗಳು. 1997ರಲ್ಲೇ ಹುಡುಗಿಯರು ಅಲ್ಲಿನ ತರಬೇತುದಾರಳ ಮುಂದೆ ಬಾಯಿ ಬಿಟ್ಟಿದ್ದರು. 2018ರ ಜನವರಿಯಲ್ಲಿ ನ್ಯಾಯಾಲಯದಲ್ಲಿ 150ಕ್ಕೂ ಹೆಚ್ಚು ಮಂದಿ ಒಬ್ಬರಾದ ಮೇಲೊಬ್ಬರು ನಿಂತು ಅವನ ಮುಖ ನೋಡಿ ಮಾತಾಡಿದರು. 40ರಿಂದ 175 ವರ್ಷ ಶಿಕ್ಷೆಯಾಯಿತು, ವಿಶ್ವವಿದ್ಯಾಲಯ 50 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು, ಅಧ್ಯಕ್ಷೆ ರಾಜೀನಾಮೆ ಕೊಟ್ಟರು. ಪೆನ್ ಸ್ಟೇಟ್‌ನಲ್ಲಿ ಬಲಿಯಾದವರು ತಂಡದ ಹೊರಗಿನ ಮಕ್ಕಳು. ಮಿಷಿಗನ್‌ನಲ್ಲಿ ಬಲಿಯಾದವರಲ್ಲಿ ತಂಡದವರೇ ಇದ್ದರು. ಅಲ್ಲಿ ಯಾರಾದರೂ ‘ಜಿಮ್ನಾಸ್ಟಿಕ್ಸ್ ತಂಡವನ್ನೇ ಮುಚ್ಚಿ’ ಎಂದಿದ್ದರೆ, ಬಿದ್ದವಳ ಮೇಲೇ ಇನ್ನೊಂದು ಕಲ್ಲು ಎತ್ತಿಹಾಕಿದ ಹಾಗೆ.

ನಮ್ಮ ಸೀಮೆಗೆ ಬರೋಣ. ನಮ್ಮ ಕಾಲೇಜುಗಳ ಮೈದಾನದಲ್ಲಿ ಲಕ್ಷ ಜನ ಕೂರುವುದಿಲ್ಲ. ಕೂರಲು ಮೆಟ್ಟಿಲೂ ಇಲ್ಲದ ಕಡೆಯೇ ಹೆಚ್ಚು. ಇಲ್ಲಿ ತಂಡ ಎಂದರೆ ಖೋಖೋ, ಕಬಡ್ಡಿ, ವಾಲಿಬಾಲ್, ಸ್ವಲ್ಪ ಅಥ್ಲೆಟಿಕ್ಸ್. ಹುಡುಗಿಯರ ತಂಡ ಎಂದರೆ ತಾಂಡಾದಿಂದ ಬಸ್ಸಿಗೆ ಬರುವ ಲಂಬಾಣಿ ಹುಡುಗಿ, ಚಿತ್ತಾಪುರ ಕಡೆ ಫರಸಿ ಕಲ್ಲು ಪಾಲಿಶ್ ಮಾಡುವವರ ಮಗಳು, ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆಯ ಗುತ್ತಿಗೆ ಕೂಲಿಯ ಮಗಳು, ತಂದೆತಾಯಿ ಮುಂಬೈಗೋ ಹೈದರಾಬಾದಿಗೋ ದುಡಿಯಲು ಹೋದ ಮೇಲೆ ಅಜ್ಜಿಯ ಹತ್ತಿರ ಉಳಿದವಳು. ಅವಳ ಮಟ್ಟಿಗೆ ಆಟ ಹವ್ಯಾಸವಲ್ಲ. ಪೊಲೀಸ್ ಇಲಾಖೆಯ ದೈಹಿಕ ಪರೀಕ್ಷೆ, ರೈಲ್ವೆಯ ಕ್ರೀಡಾ ಕೋಟಾ, ಬಿ.ಪಿ.ಎಡ್ ಸೀಟು, ಇವೆಲ್ಲದರ ಬಾಗಿಲು ಅದೇ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ.ನರಸೀಪುರ ತಾಲೂಕಿನ ಕುರುಬೂರಿನ ಚೈತ್ರಾ ಇದ್ದಳು. ಹಳ್ಳಿಯ ಮಣ್ಣಿನಲ್ಲಿ ಆಡಿ ಎಲ್ಲಿಗೆ ಹೋಗಬಹುದು ಎಂಬುದನ್ನು ನಮ್ಮ ಹುಡುಗಿಯರು ಆ ದಿನ ಮೊಬೈಲಿನಲ್ಲಿ ನೋಡಿದರು.

ಆ ಬಾಗಿಲಿನ ಕೀಲಿ ಯಾರ ಕೈಯಲ್ಲಿದೆ? ಲೇಡಿ ಮ್ಯಾನೇಜರ್ ಎಂಬ ಹೆಸರಿನಲ್ಲಿ ತಂಡಗಳ ಜೊತೆ ತಿರುಗಿದವಳು ನಾನು, ಅದನ್ನು ಹತ್ತಿರದಿಂದ ಕಂಡಿದ್ದೇನೆ. ಆಯ್ಕೆಯ ಪಟ್ಟಿ ದೈಹಿಕ ಶಿಕ್ಷಣದ ಸರ್ ಕೈಯಲ್ಲಿ. ಹಾಜರಾತಿ ಕಡಿಮೆಯಾದರೆ ‘ಟೂರ್ನಮೆಂಟಿಗೆ ಹೋಗಿದ್ದಳು’ ಎಂದು ಬರೆದುಕೊಡುವುದು ಸರ್. ಟಿಎ, ಡಿಎ ಹಣ, ಟ್ರ್ಯಾಕ್‌ಸೂಟು, ಬೂಟು, ಎಲ್ಲಕ್ಕಿಂತ ಮೇಲೆ ಸರ್ಟಿಫಿಕೇಟು, ಎಲ್ಲ ಸರ್ ಬೀರುವಿನಲ್ಲಿ. ವಾಡಿ ಜಂಕ್ಷನ್‌ನಲ್ಲಿ ರಾತ್ರಿ ರೈಲು ಹತ್ತಿದರೆ ಟಿಕೆಟ್ ಸರ್ ಹತ್ತಿರ, ಎಷ್ಟೋ ಸಲ ಹುಡುಗಿಯರ ಗುರುತಿನ ಚೀಟಿಯೂ ಅವರ ಹತ್ತಿರ. ಇಳಿದ ಊರಲ್ಲಿ ಮಲಗುವುದು ಯಾವುದೋ ಶಾಲೆಯ ಕೋಣೆಯಲ್ಲಿ, ಚಿಲಕ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಲೇಡಿ ಮ್ಯಾನೇಜರ್ ಹೆಸರು ಕಾಗದದ ಮೇಲಿದ್ದು ಮನುಷ್ಯಳು ಊರಲ್ಲೇ ಉಳಿದ ಪ್ರವಾಸಗಳೂ ಇವೆ. ಮೊಣಕಾಲು ನೋವಿಗೆ ಸ್ಪ್ರೇ ಹಾಕುವವರು, ಬಿದ್ದಾಗ ಎತ್ತುವವರು, ಕಬಡ್ಡಿಯಲ್ಲಿ ಹಿಡಿಯುವುದನ್ನು ಹಿಡಿದೇ ಕಲಿಸುವವರು ಸಹ ಸರ್. ಇವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಸಂಬಳಕ್ಕೆ ಮೀರಿ ದುಡಿಯುವ, ತಮ್ಮ ಜೇಬಿನಿಂದ ಮಕ್ಕಳಿಗೆ ಬಾಳೆಹಣ್ಣು ಮೊಟ್ಟೆ ಕೊಡಿಸುವ ಒಳ್ಳೆಯ ಮನುಷ್ಯರು ಎಂದು ನಾನು ನಂಬುತ್ತೇನೆ. ಇಲ್ಲೇ ಕೂತಿದ್ದೀರಿ, ನಿಮ್ಮ ಮುಖ ನೋಡಿಕೊಂಡೇ ಹೇಳುತ್ತಿದ್ದೇನೆ. ಆದರೆ ಇಷ್ಟು ಕೀಲಿಗಳನ್ನು ಒಬ್ಬನ ಸೊಂಟಕ್ಕೆ ಕಟ್ಟುವ ಏರ್ಪಾಡು ಒಳ್ಳೆಯವನಿಗೂ ಕ್ಷೇಮವಲ್ಲ.

ಏನಾದರೂ ಆದಾಗ ಹುಡುಗಿ ಯಾಕೆ ಹೇಳುವುದಿಲ್ಲ? ಹೇಳಿದರೆ ಮೊದಲ ಶಿಕ್ಷೆ ತನಗೇ ಎಂದು ಅವಳಿಗೆ ಗೊತ್ತು. ‘ಯಾಕ ಬೇಕಿತ್ತವ್ವ ನಿನಗ ಈ ಆಟ, ಸಾಕ್ ಮಾಡು, ಮನ್ಯಾಗ ಕೂಡು’ ಎನ್ನುತ್ತಾಳೆ ತಾಯಿ. ಅಪ್ಪ ಮಾತಾಡುವುದಿಲ್ಲ, ಸಂಬಂಧ ನೋಡಲು ಶುರುಮಾಡುತ್ತಾನೆ. ಆಮೇಲೆ ಓಣಿ ಮಾತಾಡುತ್ತದೆ. ಅವಳ ತಂಗಿಯ ಬೂಟೂ ಅಟ್ಟ ಸೇರುತ್ತದೆ. ಇಷ್ಟೆಲ್ಲ ಆಗುವುದು ಯಾವ ಸಮಿತಿಯೂ ಕೂಡುವುದಕ್ಕೆ ಮುಂಚೆ, ಯಾವ ನೋಟಿಸೂ ಹೋಗುವುದಕ್ಕೆ ಮುಂಚೆ. ಇಂಥ ಕಡೆ ವಿಶ್ವವಿದ್ಯಾಲಯವೋ ಸರ್ಕಾರವೋ ಬಂದು ‘ಈ ಕಾಲೇಜಿನ ಮಹಿಳಾ ತಂಡ ಮೂರು ವರ್ಷ ಆಡುವಂತಿಲ್ಲ’ ಎಂದು ಕಠಿಣ ಶಿಕ್ಷೆ ವಿಧಿಸಿದರೆ, ಅದು ಅಪ್ಪ ಆಗಲೇ ಕೊಟ್ಟ ತೀರ್ಪಿಗೆ ಮೊಹರು ಒತ್ತಿದ ಹಾಗೆ. ಅಷ್ಟೇ ಅಲ್ಲ, ಮುಂದಿನ ಸಲ ದೂರು ಕೊಡಬೇಕೆಂದವಳ ಬಾಯಿಗೆ ತಂಡದ ಉಳಿದ ಹನ್ನೊಂದು ಹುಡುಗಿಯರೇ ಕೈ ಅಡ್ಡ ಹಿಡಿಯುತ್ತಾರೆ: ‘ನೀ ಹೇಳಿದರ ನಮ್ಮೆಲ್ಲರ ಆಟ ಹೋಗತದ, ಸುಮ್ಮನಿರು.’

ಇದು ಊಹೆಯ ಮಾತಲ್ಲ. 2022ರಲ್ಲಿ ಭಾರತದ ಸೈಕ್ಲಿಂಗ್ ತಂಡ ತರಬೇತಿಗೆಂದು ಸ್ಲೊವೇನಿಯಾಕ್ಕೆ ಹೋಗಿತ್ತು. ಒಬ್ಬ ಸೈಕ್ಲಿಸ್ಟ್ ಮುಖ್ಯ ತರಬೇತುದಾರನ ನಡವಳಿಕೆಯ ಬಗ್ಗೆ ದೂರು ಕೊಟ್ಟಳು. ತರಬೇತುದಾರನ ಗುತ್ತಿಗೆ ರದ್ದಾಯಿತು, ಅದು ಸರಿ. ಆದರೆ ಇಡೀ ತಂಡವನ್ನು ವಾಪಸು ಕರೆಸಿಕೊಂಡರು. ಅಷ್ಟೂ ಜನ ಗಂಟುಮೂಟೆ ಕಟ್ಟಿ ವಿಮಾನ ಹತ್ತುವಾಗ ದೂರು ಕೊಟ್ಟವಳ ಬಗ್ಗೆ ಏನೇನು ಮಾತಾಡಿಕೊಂಡಿರಬಹುದು ಎಂದು ಒಂದು ಸಲ ಯೋಚಿಸಿ.

ಹಾಗಾದರೆ ತಂಡಕ್ಕೆ ಶಿಕ್ಷೆಯಾಗದೆ ಸಂಸ್ಥೆಗೆ ಮಾತ್ರ ಶಿಕ್ಷೆ ತಾಗುವುದು ಸಾಧ್ಯವೇ? ಸಾಧ್ಯ ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ, ಆದರೆ ಬಂದದ್ದು ಸುತ್ತುಬಳಸಿನ ದಾರಿಯಲ್ಲಿ. 2023ರ ಜನವರಿಯಲ್ಲಿ ವಿನೇಶ್ ಫೋಗಟ್, ಸಾಕ್ಷಿ ಮಲಿಕ್, ಬಜರಂಗ್ ಪುನಿಯಾ ಮೊದಲಾದವರು ಜಂತರ್ ಮಂತರ್‌ನಲ್ಲಿ ಕುಳಿತರು. ಕುಸ್ತಿ ಒಕ್ಕೂಟದ ಅಧ್ಯಕ್ಷರಾಗಿದ್ದ ಬ್ರಿಜ್ ಭೂಷಣ್ ಶರಣ್ ಸಿಂಗ್ ಮೇಲೆ ಲೈಂಗಿಕ ಕಿರುಕುಳದ ಆರೋಪ. ಅವರು ಆರೋಪ ನಿರಾಕರಿಸಿದರು. ಎಫ್‌ಐಆರ್ ದಾಖಲಾದದ್ದು ಏಪ್ರಿಲ್ 28ರಂದು, ಅದೂ ವಿಷಯ ಸುಪ್ರೀಂ ಕೋರ್ಟಿಗೆ ಹೋದ ಮೇಲೆ. ಅಪ್ರಾಪ್ತ ಆಟಗಾರ್ತಿಯ ಹೆಸರಿನಲ್ಲಿದ್ದ ಪೋಕ್ಸೊ ಪ್ರಕರಣ ಪೊಲೀಸರ ವರದಿಯ ಮೇಲೆ 2025ರಲ್ಲಿ ಮುಕ್ತಾಯವಾಯಿತು. ಉಳಿದ ಮಹಿಳೆಯರ ದೂರಿನಲ್ಲಿ ದೆಹಲಿಯ ನ್ಯಾಯಾಲಯ 2024ರ ಮೇ ತಿಂಗಳಲ್ಲಿ ದೋಷಾರೋಪ ನಿಗದಿ ಮಾಡಿತು. ತೀರ್ಪು ಹೇಳುವುದು ನ್ಯಾಯಾಲಯದ ಕೆಲಸ, ನನ್ನದಲ್ಲ. ನಾನು ಹೇಳಹೊರಟಿದ್ದು ಬೇರೆ. 2023ರ ಆಗಸ್ಟ್‌ನಲ್ಲಿ ಜಾಗತಿಕ ಕುಸ್ತಿ ಸಂಸ್ಥೆ ಭಾರತದ ಒಕ್ಕೂಟವನ್ನು ಅಮಾನತು ಮಾಡಿತು. ಕಾರಣ ಕಿರುಕುಳವಲ್ಲ, ಹೊತ್ತಿಗೆ ಸರಿಯಾಗಿ ಚುನಾವಣೆ ನಡೆಸದ್ದು! ಏನೇ ಇರಲಿ, ಆಟಗಾರರು ತಟಸ್ಥ ಧ್ವಜದಡಿ ಆಡಬಹುದು ಎಂದರು. ಮುಂದಿನ ತಿಂಗಳೇ ಬೆಲ್‌ಗ್ರೇಡ್‌ನಲ್ಲಿ ಅಂತಿಮ್ ಪಂಘಲ್ 53 ಕೆ.ಜಿ. ವಿಭಾಗದಲ್ಲಿ ಕಂಚು ಗೆದ್ದು, ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದ ಸ್ಥಾನ ಗಳಿಸಿಕೊಟ್ಟಳು. ಒಕ್ಕೂಟ ಹೊರಗೆ, ಹುಡುಗಿ ಅಖಾಡದ ಒಳಗೆ.

ಇದನ್ನೇ ನಮ್ಮ ಮಟ್ಟಕ್ಕೆ ಇಳಿಸಿಕೊಳ್ಳಿ. ಮುಚ್ಚಿಟ್ಟದ್ದು ಸಾಬೀತಾದ ಕಾಲೇಜು ಅಂತರ ಕಾಲೇಜು ಪಂದ್ಯಾವಳಿಯಿಂದ ಹೊರಗೆ. ಆ ಕಾಲೇಜಿನ ಮಕ್ಕಳು ಒಳಗೆ, ವಿಶ್ವವಿದ್ಯಾಲಯದ ಹೆಸರಿನ ಜರ್ಸಿಯಲ್ಲಿ. ಪಾಯಿಂಟ್ ಕಾಲೇಜಿನ ಲೆಕ್ಕಕ್ಕಿಲ್ಲ, ಸರ್ಟಿಫಿಕೇಟು ಹುಡುಗಿಯ ಹೆಸರಿಗುಂಟು. ಟ್ರೋಫಿ ಪ್ರಾಂಶುಪಾಲರ ಕೋಣೆಯ ಗಾಜಿನ ಕಪಾಟಿಗೆ ಹೋಗುವುದಿಲ್ಲ, ಗೇಟಿನ ಮೇಲೆ ಫ್ಲೆಕ್ಸ್ ಏರುವುದಿಲ್ಲ. ನ್ಯಾಕ್ ಮೌಲ್ಯಮಾಪನದಲ್ಲಿ ಕ್ರೀಡಾ ಪದಕಗಳನ್ನು ಎಣಿಸಿ ಅಂಕ ಪಡೆಯುತ್ತೀರಲ್ಲ, ಆ ಅಂಕವೂ ಇಲ್ಲ. ಕಪ್ಪಿನ ಆಸೆಗೆ ತಪ್ಪು ಮುಚ್ಚಿದವರಿಂದ ಕಿತ್ತುಕೊಳ್ಳಬೇಕಾದದ್ದು ಆ ಕಪ್ಪನ್ನೇ. ಪೆನ್ ಸ್ಟೇಟ್ ಶಿಕ್ಷೆಯ ಹಿಂದಿದ್ದ ತರ್ಕವೂ ಇದೇ, ಕೀರ್ತಿಯೇ ಮೌನಕ್ಕೆ ಕಾರಣವಾದಲ್ಲಿ ಕೀರ್ತಿಗೇ ಕೊಡಲಿ ಹಾಕಬೇಕು ಎಂಬುದು. ಆದರೆ ಅಲ್ಲಿ ಕೀರ್ತಿ ಯಾರದು, ಬೆವರು ಯಾರದು ಎಂದು ಬಿಡಿಸಿ ನೋಡಲಿಲ್ಲ.

ಕೆಲವರು ಕೇಳುತ್ತಾರೆ: ಒಬ್ಬ ಕೆಟ್ಟವನಿಗಾಗಿ ಸಂಸ್ಥೆಯನ್ನೇಕೆ ಎಳೆಯುತ್ತೀರಿ, ಅವನನ್ನು ತೆಗೆದರೆ ಮುಗಿಯಲಿಲ್ಲವೇ? ತೊಗರಿ ಬೆಳೆಯುವವರಿಗೆ ಇದಕ್ಕೆ ಉತ್ತರ ಗೊತ್ತು. ನೆಟೆ ರೋಗ ಬಂದಾಗ ಒಣಗಿದ ಗಿಡ ಕಿತ್ತರೆ ರೋಗ ಹೋಗುವುದಿಲ್ಲ, ಅದು ಮಣ್ಣಿನಲ್ಲಿರುತ್ತದೆ, ಮುಂದಿನ ವರ್ಷ ಹೊಸ ಗಿಡಕ್ಕೆ ಹತ್ತುತ್ತದೆ.

ನಮ್ಮಲ್ಲಿ ಗಿಡ ಕೀಳುವ ಕೆಲಸವೂ ನೆಟ್ಟಗೆ ಆಗುವುದಿಲ್ಲ. ಕಿತ್ತು ಬೇರೆ ಹೊಲದಲ್ಲಿ ನೆಡುತ್ತೇವೆ, ಅದರ ಹೆಸರು ವರ್ಗಾವಣೆ. 2020ರ ಜನವರಿಯಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆ ಮಾಹಿತಿ ಹಕ್ಕಿನಡಿ ಪಡೆದ ದಾಖಲೆ ಪ್ರಕಟಿಸಿತು: ಹತ್ತು ವರ್ಷದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರಗಳಲ್ಲಿ 45 ಲೈಂಗಿಕ ಕಿರುಕುಳದ ದೂರು, ಅದರಲ್ಲಿ 29 ತರಬೇತುದಾರರ ಮೇಲೆ. ಎಷ್ಟೋ ಪ್ರಕರಣಗಳಲ್ಲಿ ಆದ ಶಿಕ್ಷೆ ವರ್ಗಾವಣೆ, ಇಲ್ಲವೇ ಸಂಬಳದಲ್ಲೋ ಪಿಂಚಣಿಯಲ್ಲೋ ಸಣ್ಣ ಕಡಿತ. ವರ್ಗಾವಣೆ ಎಂದಾಗ ಕಲ್ಯಾಣ ಕರ್ನಾಟಕದವರಾದ ನಾವು ಕಿವಿ ನಿಮಿರಿಸಬೇಕು. ಬೆಂಗಳೂರು ಕಡೆಯ ಅಧಿಕಾರಿಗೆ ಶಿಕ್ಷೆ ಕೊಡಬೇಕಾದರೆ ಎಲ್ಲಿಗೆ ಕಳಿಸುತ್ತಾರೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ‘ಗುಲ್ಬರ್ಗಕ್ಕೆ ಹಾಕಿಬಿಡ್ತೀನಿ’ ಎಂಬುದು ರಾಜಧಾನಿಯ ಕಚೇರಿಗಳಲ್ಲಿ ಬಹಳ ಕಾಲ ಬೆದರಿಕೆಯ ಮಾತಾಗಿತ್ತು. ಜಿಲ್ಲೆಯೊಳಗೂ ಅದೇ ಲೆಕ್ಕ ನಡೆಯುತ್ತದೆ, ಜಿಲ್ಲಾ ಕೇಂದ್ರದಲ್ಲಿ ತಪ್ಪು ಮಾಡಿದವನು ತಾಲೂಕಿಗೆ, ತಾಲೂಕಿನಲ್ಲಿ ಮಾಡಿದವನು ಹೋಬಳಿಗೆ. ಅವನಿಗೆ ಸಿಕ್ಕ ಶಿಕ್ಷೆ ಚಿಂಚೋಳಿ ಕಾಡಂಚಿನ ತಾಂಡಾದ ಮಕ್ಕಳು! ಅಲ್ಲಿ ಕೇಳುವವರು ಇನ್ನೂ ಕಡಿಮೆ, ಬಸ್ಸು ಇನ್ನೂ ಅಪರೂಪ, ತಂದೆತಾಯಿ ಇನ್ನೂ ದೂರ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮಗೆ ಸೀಟು, ಕೆಲಸ, ಅನುದಾನ ಬಂತು ಎಂದು ಸಂತೋಷಪಡುತ್ತೇವೆ, ಪಡಬೇಕು. ಇನ್ನೊಬ್ಬರ ಹೊಲದ ಕಳೆ ನಮ್ಮಲ್ಲಿಗೆ ಬರಬಾರದು ಎಂದು ಕೇಳುವ ಧೈರ್ಯವೂ ಬರಬೇಕು. ಮಕ್ಕಳ ಮೇಲಿನ ದೌರ್ಜನ್ಯದ ದೂರು ಇರುವ ಯಾವ ನೌಕರನನ್ನೂ ವಿಚಾರಣೆ ಮುಗಿಯದೆ ಮತ್ತೊಂದು ಶಾಲೆ, ಕಾಲೇಜು, ಕ್ರೀಡಾ ಹಾಸ್ಟೆಲ್ಲಿಗೆ ವರ್ಗ ಮಾಡಬಾರದು. ಮಾಡಿದರೆ ಆ ಆದೇಶಕ್ಕೆ ಸಹಿ ಹಾಕಿದವರ ಹೆಸರು ದಾಖಲೆಗೆ ಬರಬೇಕು.

ಹಳೆಯದೊಂದು ಪ್ರಕರಣ ನೆನಪಿಸುತ್ತೇನೆ. 1990ರ ಆಗಸ್ಟ್‌ನಲ್ಲಿ ಹರಿಯಾಣದ ಪಂಚಕುಲದಲ್ಲಿ ಟೆನಿಸ್ ಕಲಿಯುತ್ತಿದ್ದ 14 ವರ್ಷದ ಹುಡುಗಿಯ ಮೇಲೆ ರಾಜ್ಯ ಟೆನಿಸ್ ಸಂಸ್ಥೆಯ ಅಧ್ಯಕ್ಷ ಕೈ ಹಾಕಿದ. ಅವನೇ ಐಜಿ ದರ್ಜೆಯ ಪೊಲೀಸ್ ಅಧಿಕಾರಿ ಎಸ್.ಪಿ.ಎಸ್. ರಾಥೋಡ್. ಇಲಾಖೆಯ ವಿಚಾರಣೆ ಎಫ್‌ಐಆರ್ ಹಾಕಿ ಎಂದಿತು, ಹಾಕಲಿಲ್ಲ. ಹುಡುಗಿಯನ್ನು ಶಾಲೆಯಿಂದ ತೆಗೆದರು. ಅವಳ ಸಹೋದರನ ಮೇಲೆ ಕಾರು ಕಳವಿನ ಕೇಸುಗಳು ಬಿದ್ದವು. 1993ರ ಡಿಸೆಂಬರಿನಲ್ಲಿ ಅವಳು ತನ್ನ ಜೀವವನ್ನೇ ತೆಗೆದುಕೊಂಡಳು. ರಾಥೋಡ್ ಡಿಜಿಪಿಯಾಗಿ ಮೇಲೇರಿದ. 2009ರಲ್ಲಿ ಸಿಕ್ಕ ಶಿಕ್ಷೆ ಆರು ತಿಂಗಳು, ಒಂದು ಸಾವಿರ ರೂಪಾಯಿ ದಂಡ. ಮೇಲ್ಮನವಿಯಲ್ಲಿ 18 ತಿಂಗಳಿಗೆ ಏರಿದರೂ 2016ರಲ್ಲಿ ಸುಪ್ರೀಂ ಕೋರ್ಟ್ ಅವನು ದೋಷಿ ಎಂಬ ತೀರ್ಪನ್ನು ಎತ್ತಿಹಿಡಿದು ಅವನು ಜೈಲಿನಲ್ಲಿ ಕಳೆದಷ್ಟು ದಿನವೇ ಸಾಕೆಂದಿತು. ಈ ಪ್ರಕರಣದಲ್ಲಿ ಆಟ ಬಿಟ್ಟವಳು, ಶಾಲೆ ಬಿಟ್ಟವಳು, ಊರ ಬಾಯಿಗೆ ಬಿದ್ದವಳು ಯಾರು ಎಂದು ಲೆಕ್ಕ ಹಾಕಿ. ಟೆನಿಸ್ ಸಂಸ್ಥೆಗೆ ಆದದ್ದೇನು?

ತಂಡ ಮುಚ್ಚುವುದು ನಮಗೆ ಅಷ್ಟು ಸುಲಭವಾಗಿ ಹೊಳೆಯುವುದಕ್ಕೆ ಬೇರೆ ಕಾರಣವೂ ಇದೆ. ನೆರೆಯ ಯಾದಗಿರಿ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ 2025ರ ಆಗಸ್ಟ್‌ನಲ್ಲಿ ಒಂಬತ್ತನೇ ತರಗತಿಯ ಹುಡುಗಿ ಮಗುವಿಗೆ ಜನ್ಮ ಕೊಟ್ಟದ್ದು ಬಯಲಾಗಿ ರಾಜ್ಯವೇ ಬೆಚ್ಚಿತು. ಪ್ರಾಂಶುಪಾಲರೂ ಸೇರಿದಂತೆ ಸಿಬ್ಬಂದಿಯ ಅಮಾನತಾಯಿತು. ‘ಒಂಬತ್ತನೇ ತರಗತಿಯನ್ನೇ ಮುಚ್ಚಿ’ ಎಂದು ಒಬ್ಬರಾದರೂ ಅಂದರೇ? ಯಾರೂ ಅನ್ನಲಿಲ್ಲ, ಏಕೆಂದರೆ ತರಗತಿ ಬೇಕು ಎಂದು ಎಲ್ಲರಿಗೂ ಗೊತ್ತು. ಆಟ ಮಾತ್ರ ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು ಎಂಬ ವಸ್ತು. ಅದರಲ್ಲೂ ಹುಡುಗಿಯರ ಆಟ! ಮುಚ್ಚಲು ನೆಪ ಹುಡುಕುತ್ತಿರುವವರ ಕೈಗೆ ಶಿಕ್ಷೆ ಎಂಬ ಒಳ್ಳೆಯ ನೆಪ ಕೊಡಬಾರದು.

ಕಾನೂನು ಏನನ್ನುತ್ತದೆ? ಕಾನೂನಿಗೆ ಬರ ಇಲ್ಲ. ಪಿಯುಸಿ ಮಕ್ಕಳು, ಪದವಿ ಮೊದಲ ವರ್ಷದ ಎಷ್ಟೋ ಮಕ್ಕಳು ಹದಿನೆಂಟು ದಾಟಿರುವುದಿಲ್ಲ, ಅವರಿಗೆ 2012ರ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ. ಅದರ 19ನೇ ಕಲಂ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಪ್ರಾಂಶುಪಾಲರಿಗೆ ತಿಳಿಸಿದೆ, ಆಡಳಿತ ಮಂಡಳಿಗೆ ತಿಳಿಸಿದೆ ಎಂದರೆ ನಡೆಯುವುದಿಲ್ಲ. 21ನೇ ಕಲಂ ಪ್ರಕಾರ ತಿಳಿಸದವರಿಗೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರು ಕೈಕೆಳಗಿನವನ ಅಪರಾಧ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಶಿಕ್ಷೆ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಶಾಲಾ ಹಾಸ್ಟೆಲ್ಲಿನ ಆದಿವಾಸಿ ಹುಡುಗಿಯರ ಪ್ರಕರಣದಲ್ಲಿ, ತಿಳಿದೂ ತಿಳಿಸಲಿಲ್ಲ ಎಂಬ ಆರೋಪ ಹೊತ್ತ ವೈದ್ಯರ ಮೇಲಿನ ಕೇಸನ್ನು ಹೈಕೋರ್ಟ್ ರದ್ದು ಮಾಡಿತ್ತು. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ರದ್ದತಿಯನ್ನೇ ರದ್ದು ಮಾಡಿ, ತಿಳಿಸದಿರುವುದು ಗಂಭೀರ ಅಪರಾಧ ಎಂದಿತು. ಇಲ್ಲಿರುವ ಪ್ರಾಂಶುಪಾಲರು ಆ ತೀರ್ಪನ್ನು ಓದಿ ಮೇಜಿನ ಮೇಲೆ ಇಟ್ಟುಕೊಳ್ಳಬೇಕು.

ಪದವಿ ಕಾಲೇಜುಗಳಿಗೆ ಯುಜಿಸಿಯ 2015ರ ನಿಯಮಾವಳಿ ಇದೆ. ಆಂತರಿಕ ದೂರು ಸಮಿತಿ ಇರಬೇಕು, ವಿದ್ಯಾರ್ಥಿಗಳ ವಿಷಯವಾದರೆ ವಿದ್ಯಾರ್ಥಿಗಳೂ ಅದರಲ್ಲಿರಬೇಕು, ನಿಯಮ ಮೀರಿದ ಸಂಸ್ಥೆಯ ಅನುದಾನ ತಡೆಹಿಡಿಯಬಹುದು, ಯುಜಿಸಿಯ ಪಟ್ಟಿಯಿಂದಲೇ ಹೆಸರು ತೆಗೆಯಬಹುದು. ಬರೆದದ್ದೆಲ್ಲ ಕಠಿಣವಾಗಿಯೇ ಇದೆ. ಸಮಿತಿಗಳು ಹೇಗಿವೆ ಎಂಬುದು ಬೇರೆ ಮಾತು. 2023ರ ಮೇ ತಿಂಗಳಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ, ದೇಶದ 30 ಕ್ರೀಡಾ ಒಕ್ಕೂಟಗಳಲ್ಲಿ 15ರಲ್ಲಿ ಕಾನೂನಿನಂತೆ ಸಮಿತಿ ಇಲ್ಲವೆಂಬ ವರದಿ ನೋಡಿ ನೋಟಿಸ್ ಕೊಟ್ಟಿತು. ರಾಷ್ಟ್ರೀಯ ಒಕ್ಕೂಟಗಳ ಗತಿಯೇ ಹೀಗಿದ್ದರೆ ತಾಲೂಕು ಕಾಲೇಜಿನ ಗೋಡೆಯ ಮೇಲಿನ ಹೆಸರುಪಟ್ಟಿಯನ್ನು ನಾನೇನು ಆಡಿಕೊಳ್ಳಲಿ! 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಮಹಿಳೆಯರ, ಅಪ್ರಾಪ್ತ ಆಟಗಾರರ ರಕ್ಷಣೆಗೆ ಸುರಕ್ಷಿತ ಕ್ರೀಡಾ ನೀತಿ ಬೇಕೆನ್ನುತ್ತದೆ. ಆದರೆ ಆ ಕಾಯ್ದೆಯ ಕಣ್ಣು ರಾಷ್ಟ್ರೀಯ ಒಕ್ಕೂಟಗಳ ಮೇಲೆ. ನಮ್ಮ ಅಂತರ ಕಾಲೇಜು ಪಂದ್ಯಾವಳಿಗಳಿಗೆ ನಿಯಮ ಮಾಡಬೇಕಾದವರು ವಿಶ್ವವಿದ್ಯಾಲಯದವರೇ.

ರ್‍ಯಾಗಿಂಗ್ ತಡೆಯುವ ಯುಜಿಸಿಯ 2009ರ ನಿಯಮದಲ್ಲಿ, ತಪ್ಪಿತಸ್ಥರು ಯಾರೆಂದು ಗೊತ್ತಾಗದಿದ್ದರೆ ಸಾಮೂಹಿಕ ಶಿಕ್ಷೆ ಕೊಡಬೇಕು ಎಂದಿದೆ. ಅದನ್ನು ತೋರಿಸಿ ಇಡೀ ತಂಡಕ್ಕೂ ಹಾಗೇ ಕೊಡಬಹುದಲ್ಲ ಎನ್ನುವವರಿದ್ದಾರೆ. ಹಾಸ್ಟೆಲ್ಲಿನ ಸೀನಿಯರ್‌ಗಳಿಗೆ ಬಾಯಿ ಬಿಡಿಸಲು ಆ ಉಪಾಯ ನಡೆದೀತು, ಅಲ್ಲಿ ಅಧಿಕಾರ ನಡೆಸುವವರೂ ಅವರೇ. ಖೋಖೋ ತಂಡದ ಹುಡುಗಿಯರ ಕೈಯಲ್ಲಿ ಯಾವ ಅಧಿಕಾರವಿತ್ತು?

ಸುಳ್ಳು ದೂರಿನ ಭಯದ ಬಗ್ಗೆಯೂ ಎರಡು ಮಾತು, ಏಕೆಂದರೆ ಚಹಾ ವಿರಾಮದಲ್ಲಿ ಇಬ್ಬರು ದೈಹಿಕ ಶಿಕ್ಷಣ ನಿರ್ದೇಶಕರು ಅದನ್ನೇ ಕೇಳಿದರು. ‘ಮೇಡಂ, ನಾಳೆ ಟೀಮಿನಾಗ ತಗೊಳ್ಳಲಿಲ್ಲಂತ ಯಾರೋ ಒಬ್ಬಾಕಿ ಬರೆದುಕೊಟ್ರ ನಮ್ಮ ಗತಿ?’ ಭಯ ಸುಳ್ಳಲ್ಲ. ಆದರೆ ಒಳ್ಳೆಯ ತರಬೇತುದಾರನನ್ನು ಕಾಪಾಡುವುದೂ ಹುಡುಗಿಯನ್ನು ಕಾಪಾಡುವ ಏರ್ಪಾಡುಗಳೇ. ಆಯ್ಕೆಯನ್ನು ಮೂವರು ಕೂತು, ಅಂಕ ಬರೆದು ಮಾಡಿದರೆ ನಿಮ್ಮ ಮೇಲೆ ಪಕ್ಷಪಾತದ ಮಾತು ಹೇಗೆ ಬರುತ್ತದೆ? ಒಂಟಿಯಾಗಿ ಯಾವ ಹುಡುಗಿಯನ್ನೂ ಕೋಣೆಗೆ ಕರೆಯುವುದಿಲ್ಲ, ರಾತ್ರಿ ಖಾಸಗಿ ಮೆಸೇಜು ಕಳಿಸುವುದಿಲ್ಲ, ಎಲ್ಲ ಗ್ರೂಪಿನಲ್ಲೇ ಎಂಬ ನಿಯಮ ಮೊದಲೇ ಗೋಡೆಯ ಮೇಲಿದ್ದರೆ ನಿಮ್ಮ ಹೆಂಡತಿಗೂ ನಿಶ್ಚಿಂತೆ. ಸರ್ಟಿಫಿಕೇಟು ಬಂದ ವಾರದೊಳಗೆ ಹುಡುಗಿಯ ಕೈಗೆ ಹೋಗಲಿ, ನಿಮ್ಮ ಬೀರು ಖಾಲಿಯಾಗಲಿ.

ಉಳಿದದ್ದು ದಂಡದ ವಿಚಾರ. ತಪ್ಪು ಮುಚ್ಚಿಟ್ಟ ಕಾಲೇಜಿನ ಆಡಳಿತ ಮಂಡಳಿಗೆ ದಂಡ ಬೀಳಲೇಬೇಕು, ಅದೂ ಮಕ್ಕಳ ಕ್ರೀಡಾ ಶುಲ್ಕದಿಂದ ಕಟ್ಟುವಂಥದ್ದಲ್ಲ, ಮಂಡಳಿಯ ಖಾತೆಯಿಂದ. ಕಾರ್ಯದರ್ಶಿಯಾದವರು ಹುದ್ದೆ ಬಿಡಬೇಕು. ದಾನಿಗಳು, ಊರ ಗಣ್ಯರು, ನಮ್ಮವರೇ ಎಂದು ಬಿಡುವ ಹಾಗಿಲ್ಲ. ಆ ಹಣ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ನನ್ನದೊಂದು ಸೂಚನೆ ಇದೆ. ‘ಇರುವ ಒಬ್ಬ ಸರ್ ಅನ್ನು ತೆಗೆದರೆ ತಂಡವನ್ನು ಯಾರು ಕರೆದೊಯ್ಯಬೇಕು’ ಎಂದು ಪ್ರಾಂಶುಪಾಲರೊಬ್ಬರು ಹಿಂದೊಮ್ಮೆ ಕೇಳಿದ್ದರು. ಅದು ನೆಪವೂ ಹೌದು, ನಿಜವೂ ಹೌದು. ದಂಡದ ಹಣದಲ್ಲಿ ವಿಶ್ವವಿದ್ಯಾಲಯ ಬಿ.ಪಿ.ಎಡ್ ಮಾಡಿ ಕೆಲಸವಿಲ್ಲದೆ ಕೂತ ನಮ್ಮದೇ ಸೀಮೆಯ ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ಆ ಕಾಲೇಜಿಗೆ ನೇಮಿಸಲಿ. ಸರ್ ಅಮಾನತಾದ ಮರುದಿನ ಬೆಳಿಗ್ಗೆ ಆರಕ್ಕೆ ಅವಳು ಮೈದಾನದಲ್ಲಿರಲಿ. ವಲಯ ಪಂದ್ಯಕ್ಕೆ ಅಷ್ಟೂ ಹುಡುಗಿಯರ ರೈಲು ಟಿಕೆಟ್ ಅದೇ ಹಣದಲ್ಲಿ ಆಗಲಿ, ದೂರು ಕೊಟ್ಟವಳ ಟಿಕೆಟೂ ಅದರಲ್ಲಿರಲಿ.